ಹತ್ತು ಕಿಲೋಮೀಟರ್ ಎತ್ತರದ ಉಸಿರು

ಮಾಗಿಯ ಬೆಳಗು. ಸೊರಡಿಯ ಮನೆಗಳ ಸಾಲು ಮುಗಿದು ಹೊಲದ ದಾರಿ ಹಿಡಿದರೆ ಬಿಸಿಲಿಗೆ ಇನ್ನೂ ಕಾವು ಬಂದಿಲ್ಲ, ಬಿಳಿಜೋಳದ ಎಲೆಗಳ ಮೇಲೆ ಇಬ್ಬನಿ ಹಾಗೆಯೇ ನಿಂತಿದೆ, ಬದುವಿನ ಜಾಲಿಮರದ ಕೆಳಗಿನ ನೆಲ ಮಾತ್ರ ಒಣಗಿಕೊಂಡಿದೆ. ನಿಧಾನಕ್ಕೆ ಬನ್ನಿ, ಹೆಂಟೆಗಳು ಕಾಲಿಗೆ ತೊಡರುತ್ತವೆ. ಎಲ್ಲೋ ಬೋರಿನ ಮೋಟಾರು ಗುಂಯ್‌ಗುಡುತ್ತಿದೆ. ಮಳೆ ಕಡಿಮೆಯ ಈ ಜತ್ತ ಸೀಮೆಯಲ್ಲಿ ನೀರು ಬೀಳುವ ಸದ್ದು ಕೇಳಿದರೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ನಾವೂ ಆ ಕಡೆಗೇ ತಿರುಗೋಣ.

ಪೈಪಿನಿಂದ ಕಲ್ಲಿನ ದೋಣಿಗೆ ನೀರು ಬೀಳುತ್ತಿದೆ. ಮಾಡಗ್ಯಾಳ ತಳಿಯ ಕುರಿಗಳು, ಬಿಳಿ ಮೈಮೇಲೆ ಕಂದು ಮಚ್ಚೆಯವು, ಬಾಗಿದ ಮೂಗನ್ನು ನೀರಿಗಿಟ್ಟು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ. ಹಸಿ ಉಣ್ಣೆಯ ವಾಸನೆ, ಹಿಕ್ಕೆಯ ವಾಸನೆ, ಒದ್ದೆಯಾದ ಎರೆಮಣ್ಣಿನ ವಾಸನೆ. ದೋಣಿಯ ತಳದಲ್ಲಿ ಒಂದು ತೂತಿದೆ. ಅದರಿಂದ ಇಳಿದ ನೀರು ಸಣ್ಣ ಕಾಲುವೆ ಹಿಡಿದು ಮೆಣಸಿನಗಿಡದ ಮಡಿಗೆ ಹೋಗುತ್ತದೆ. ಕುರಿ ಕಾಯುವ ಹಿರಿಯರು ಕುಕ್ಕರಗಾಲಲ್ಲಿ ಕುಳಿತು ಆ ತೂತಿಗೆ ಹಳೆಯ ಧೋತರದ ಚಿಂದಿಯನ್ನು ತುರುಕುತ್ತಾರೆ, ಮತ್ತೆ ತುಸು ಸಡಿಲಿಸುತ್ತಾರೆ. ಪೈಪಿನ ನೀರು ಜೋರಾದರೆ ಚಿಂದಿ ಸಡಿಲು, ಸಣ್ಣದಾದರೆ ಬಿಗಿ. ಕುರಿಗಳ ಬಾಯಿಗೆ ಸಿಗುವ ಮಟ್ಟದಲ್ಲಿ ನೀರು ಏರದೆ ಇಳಿಯದೆ ನಿಂತಿದೆ.

ಅಷ್ಟರಲ್ಲಿ ಪಡುವಣ-ಬಡಗಣ ಮೂಲೆಯಿಂದ ಆಕಾಶದಲ್ಲಿ ಬಿಳಿ ಗೆರೆಯೊಂದು ಹುಟ್ಟಿತು. ಗೆರೆಯ ತುದಿಗೆ ಬೆಳ್ಳಿಯ ಚುಕ್ಕೆ. ಸದ್ದು ಬಹಳ ಹೊತ್ತಿನ ಮೇಲೆ, ಚುಕ್ಕೆ ಮುಂದೆ ಹೋದ ಮೇಲೆ ಬಂತು. ಹಿರಿಯರು ಹಣೆಗೆ ಕೈ ಹಿಡಿದು ನೋಡಿದರು.

“ಅಲ್ಲ ತಮ್ಮಾ, ಅಷ್ಟ ಮ್ಯಾಲ ಗಾಳಿ ತೆಳ್ಳಗ ಇರ್ತದಂತ. ಒಳಗಿನ ಮಂದಿ ಉಸರ ಹ್ಯಾಂಗ ಆಡತಾರ? ಕಿಡಿಕಿ ಗಟ್ಟಿ ಮುಚ್ಚಿ, ನೆಲದ ಗಾಳಿ ತುಂಬಕೊಂಡ ಹೋಗಿರ್ತಾರೇನು?”

“ಇಲ್ಲ ಕಾಕಾ, ತುಂಬಕೊಂಡ ಹೋದ್ರ ಸಾಲೂದಿಲ್ಲ. ಹೋಗತಾ ಹೋಗತಾನ ಹೊರಗಿನ ಗಾಳಿ ಒಳಗ ತರತಾರ, ಒಳಗಿಂದು ಹೊರಗ ಬಿಡತಾರ. ನಿಮ್ಮ ದ್ವಾಣಿ ಇದ್ದಂಗ.”

ಅವರು ಒಮ್ಮೆ ದೋಣಿಯ ಕಡೆ ನೋಡಿದರು, ಒಮ್ಮೆ ಮೇಲೆ. “ಹಂಗಾರ ಅಲ್ಲಿ ಚಿಂದಿ ಯಾರ ಕೈಯಾಗ ಇರ್ತದ?” ಎಂದರು.

ಅದೇ ಸರಿಯಾದ ಪ್ರಶ್ನೆ. ಮುಂಬೈಯಿಂದ ಚೆನ್ನೈಗೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಅದು ಜತ್ತ ತಾಲೂಕಿನ ಮೇಲೆಯೇ ಹಾಯುತ್ತದೆ. ಮೇಲೆ ಹೋದದ್ದು ಆ ದಾರಿಯ ವಿಮಾನ, ಅದೂ ಬೋಯಿಂಗ್ 737 ಎಂದಿಟ್ಟುಕೊಂಡು, ಅದು ಮುಂಬೈ ಬಿಡುವ ಮೊದಲಿನ ಗಳಿಗೆಗೆ ಹೋಗಿ ನೀವೂ ನಾನೂ ಅದರಲ್ಲಿ ಕೂರೋಣ.

ಬಾಗಿಲು ಮುಚ್ಚಿದ್ದಾರೆ. ತಲೆಯ ಮೇಲಿನ ಸಣ್ಣ ತೂತುಗಳಿಂದ ತಣ್ಣನೆಯ ಗಾಳಿ ಸುಯ್ಯೆಂದು ಮುಖಕ್ಕೆ ಬಡಿಯುತ್ತಿದೆ. ಮುಂಬೈಯ ತೇವಕ್ಕೆ ಆ ಗಾಳಿ ಬೆಳ್ಳಗೆ ಆವಿಯಾಗಿ ಚಾವಣಿಯ ಅಂಚಿನಿಂದ ಇಳಿಯುತ್ತದೆ. ಮೊದಲ ಸಲ ಏರಿದವರು ಹೊಗೆಯೆಂದು ಬೆಚ್ಚಿ ಪಕ್ಕದವರ ಮುಖ ನೋಡುತ್ತಾರೆ. ಹೊಗೆಯಲ್ಲ ಅದು, ತೇವದ ಗಾಳಿ ಥಟ್ಟನೆ ತಣ್ಣಗಾದಾಗ ಕಟ್ಟುವ ಮಂಜು. ಆಮೇಲೆ ಆ ಸುಯ್ಯೆನ್ನುವ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಒಂದು ನಿಮಿಷ ಸೆಖೆ, ಯಾರೋ ಸುರಕ್ಷತೆಯ ಕಾರ್ಡನ್ನೇ ಬೀಸಣಿಗೆ ಮಾಡಿಕೊಳ್ಳುತ್ತಾರೆ. ಹವಾನಿಯಂತ್ರಣಕ್ಕೆ ಹೋಗುತ್ತಿದ್ದ ಒತ್ತುಗಾಳಿಯನ್ನು ಆ ಹೊತ್ತಿನಲ್ಲಿ ಎಂಜಿನ್ನು ತಿರುಗಿಸಲು ಬಳಸುತ್ತಾರೆ. ಒಂದು ಎಂಜಿನ್ನು ಗೊರಗುಟ್ಟುತ್ತಾ ಏಳುತ್ತದೆ, ಎರಡನೆಯದೂ ಏಳುತ್ತದೆ, ಸೀಮೆಎಣ್ಣೆಯ ನಾತ ಒಂದಿಷ್ಟು ಮೂಗಿಗೆ ಬಡಿದು ಹೋಗುತ್ತದೆ, ಮತ್ತೆ ಆ ತಣ್ಣನೆಯ ಸುಯಿಲು. ಇಲ್ಲಿಂದ ಚೆನ್ನೈಯ ತನಕ ಅದು ನಿಲ್ಲಬಾರದು.

ಏರುವಾಗ ಕಿವಿಯಲ್ಲಿ ಏನೋ ತುಂಬಿಕೊಂಡಂತೆ, ಮಾತು ದೂರದಿಂದ ಬಂದಂತೆ. ನುಂಗಿದರೆ ಟಕ್ಕೆಂದು ಬಿಡುತ್ತದೆ. ಹಿಂದೆಲ್ಲ ವಿಮಾನ ಹೊರಡುವ ಮುನ್ನ ಗಗನಸಖಿಯರು ತಟ್ಟೆಯಲ್ಲಿ ಪೆಪ್ಪರಮಿಂಟು, ಹತ್ತಿ ಹಿಡಿದು ಬರುತ್ತಿದ್ದುದು ಇದಕ್ಕೇ. ಮಿಠಾಯಿ ಚೀಪಿದರೆ ಜೊಲ್ಲು ಊರುತ್ತದೆ, ಜೊಲ್ಲು ಊರಿದರೆ ನುಂಗುತ್ತೇವೆ, ನುಂಗಿದಾಗ ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ತೆರೆದು ಒಳಗಿನ ಗಾಳಿ ಹೊರಗಿನದಕ್ಕೆ ಸರಿಹೊಂದುತ್ತದೆ. ಏರುವಾಗಿಗಿಂತ ಇಳಿಯುವಾಗ ತೊಂದರೆ ಹೆಚ್ಚು, ಏಕೆಂದರೆ ಗಾಳಿ ಹೊರಬರುವಷ್ಟು ಸುಲಭವಾಗಿ ಆ ನಾಳದಲ್ಲಿ ಒಳಗೆ ಹೋಗುವುದಿಲ್ಲ. ಕೂಸುಗಳಿಗೆ ನಾಳ ಇನ್ನೂ ಕಿರಿದು, ನುಂಗೆಂದು ಹೇಳಿದರೆ ತಿಳಿಯುವುದೂ ಇಲ್ಲ. ಇಳಿಯುವ ಹೊತ್ತಿಗೆ ಮಗು ಕಿರುಚಿದರೆ ತಾಯಿಯ ಕಡೆಗೆ ಕಣ್ಣು ಕೆಂಪಗೆ ಮಾಡುವವರು ಇದನ್ನು ನೆನೆಯಬೇಕು. ಅಳುವುದರಿಂದಲೇ ಎಷ್ಟೋ ಸಲ ಮಗುವಿನ ಕಿವಿ ಸಡಿಲವಾಗುತ್ತದೆ. ಎದೆಹಾಲು ಕುಡಿಸುತ್ತಿದ್ದರೆ ಇನ್ನೂ ಒಳ್ಳೆಯದು.

ಈಗ ರೆಕ್ಕೆಯ ಕೆಳಗಿನ ಎಂಜಿನ್ನಿನತ್ತ ನೋಡಿ. ಮುಂದಿನ ಬಾಯಿಂದ ನುಗ್ಗಿದ ಗಾಳಿಯನ್ನು ಅದು ಸಾಲುಸಾಲು ಅಲಗುಗಳಿಂದ ಹಿಂಡುತ್ತಾ ಒಳಗೆ ದಬ್ಬುತ್ತದೆ. ಎಣ್ಣೆ ಸೇರಿ ಉರಿಯುವುದಕ್ಕೆ ಮೊದಲೇ ಆ ಹಿಂಡಿದ ಗಾಳಿಯಲ್ಲಿ ಒಂದು ಪಾಲನ್ನು ಕೊಳವೆಯಲ್ಲಿ ತಿರುಗಿಸಿ ನಮ್ಮ ಕಡೆ ಕಳಿಸುತ್ತಾರೆ. ಕಚ್ಚುವಷ್ಟು ಚಳಿಯ ಬಯಲಿನಿಂದ ಬಂದ ಗಾಳಿ ಹಿಂಡಿಸಿಕೊಂಡೇ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದಿರುತ್ತದೆ. ಅದನ್ನು ವಿಮಾನದ ಹೊಟ್ಟೆಯಲ್ಲಿರುವ, ಕೆಲಸಗಾರರು ‘ಪ್ಯಾಕ್’ ಎಂದು ಕರೆಯುವ ಯಂತ್ರದಲ್ಲಿ ಹೊರಗಾಳಿಯ ಸೋಕಿನಿಂದ ತಣಿಸಿ, ಮತ್ತೊಮ್ಮೆ ಹಿಂಡಿ, ಮತ್ತೆ ತಣಿಸಿ, ಕೊನೆಗೆ ಪುಟ್ಟ ಚಕ್ರವೊಂದರ ಮೇಲೆ ಹಾಯಿಸಿ ಹಿಗ್ಗಲು ಬಿಡುತ್ತಾರೆ. ಹಿಗ್ಗಿದ ಗಾಳಿ ಕೊರೆಯುವಷ್ಟು ತಣ್ಣಗಾಗುತ್ತದೆ. ಅದಕ್ಕೆ ಬೇಕಾದಷ್ಟು ಬಿಸಿಗಾಳಿ ಬೆರೆಸಿ, ಕೋಣೆಯಲ್ಲಿ ಒಮ್ಮೆ ಸುತ್ತಿದ ಗಾಳಿಯನ್ನೂ ಸೋಸಿ ಕೂಡಿಸಿ ತಲೆಯ ಮೇಲಿನಿಂದ ಬಿಡುತ್ತಾರೆ. ಎರಡು ಮೂರು ನಿಮಿಷಕ್ಕೊಮ್ಮೆ ಕೋಣೆಯ ಗಾಳಿಯೆಲ್ಲ ಹೊಸದಾಗುತ್ತದೆ.

ಕಾಕಾ ಕೇಳಿದ ಚಿಂದಿ ಇರುವುದು ಬಾಲದ ಕಡೆ, ಹೊಟ್ಟೆಯ ಹಿಂಭಾಗದಲ್ಲಿ. ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಕವಾಟ, ಹೊರಹರಿವಿನ ವಾಲ್ವು. ಒಳಗೆ ಬರುವ ಗಾಳಿ ಹೆಚ್ಚುಕಡಿಮೆ ಒಂದೇ ಸಮ. ಹೊರಗೆ ಹೋಗುವುದನ್ನು ಬಿಗಿಮಾಡಿ ಸಡಿಲಿಸಿ ಒತ್ತಡವನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸುತ್ತಾರೆ. ಮೋಟಾರು ಆ ಕವಾಟವನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಲೇ ಇರುತ್ತದೆ, ಯಂತ್ರ ಲೆಕ್ಕ ಹಾಕಿ ಮೋಟಾರಿಗೆ ಹೇಳುತ್ತಲೇ ಇರುತ್ತದೆ. ಪೈಲಟ್ಟು ಮಾಡಬೇಕಾದ್ದು ಎರಡು ಅಂಕಿ ಕೊಡುವುದು: ಎಷ್ಟು ಎತ್ತರದಲ್ಲಿ ಹಾರುತ್ತೇವೆ, ಎಷ್ಟು ಎತ್ತರದ ನೆಲದಲ್ಲಿ ಇಳಿಯುತ್ತೇವೆ. ವಿಮಾನ ನಿಮಿಷಕ್ಕೆ ಎರಡು ಸಾವಿರ ಅಡಿ ಏರುತ್ತಿದ್ದರೂ ಒಳಗಿನ ಗಾಳಿಯ ಮಟ್ಟಿಗೆ ನಾವು ಏರುವುದು ನಿಮಿಷಕ್ಕೆ ಐನೂರು ಅಡಿಯ ಆಚೀಚೆ. ಇಳಿಯುವಾಗ ಅದಕ್ಕೂ ಮೆಲ್ಲಗೆ. ನಮ್ಮ ಕಿವಿಗೆ ಅಷ್ಟು ಕರುಣೆಯನ್ನು ಆ ಕವಾಟ ತೋರಿಸುತ್ತದೆ.

ಸೊರಡಿಯ ಮೇಲೆ ಬರುವ ಹೊತ್ತಿಗೆ ನಾವು 35,000 ಅಡಿಯಲ್ಲಿದ್ದೇವೆ, ಹತ್ತು ಕಿಲೋಮೀಟರಿಗೂ ಮೇಲೆ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿ. ಗಾಳಿಯ ಒತ್ತಡ ಕಡಲತೀರದಲ್ಲಿ ಇರುವುದರ ಕಾಲುಭಾಗಕ್ಕೂ ಕಡಿಮೆ. ಹಾಗಾದರೆ ಒಳಗೆ ಎಷ್ಟಿದೆ? ಮುಂಬೈಯ ನೆಲದಷ್ಟೇ ಇದೆಯೆಂದು ಹಲವರು ತಿಳಿದಿದ್ದಾರೆ. ಇಲ್ಲ. ಕೋಣೆಯೊಳಗೂ ನಾವು ಬೆಟ್ಟ ಏರಿದ್ದೇವೆ. ಪ್ರಯಾಣಿಕ ವಿಮಾನಗಳಲ್ಲಿ ಮಾಮೂಲು ಹಾರಾಟಕ್ಕೆ ಇರುವ ಮೇಲಿನ ಮಿತಿ 8,000 ಅಡಿ. ಅಂದರೆ ಆ ಎತ್ತರದ ಬೆಟ್ಟದ ಮೇಲೆ ಎಷ್ಟು ಗಾಳಿಯೊತ್ತಡ ಇರುತ್ತದೋ ಅಷ್ಟಾದರೂ ಒಳಗಿರಬೇಕು. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646 ಮೀಟರು, ಸುಮಾರು 5,400 ಅಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರು, 6,300 ಅಡಿಯಷ್ಟು. ಎರಡು ರಾಜ್ಯಗಳ ನಡುವಿನ ಈ ಗಡಿಯ ಊರಿನ ಮೇಲೆ ಹಾಯುವಾಗ ಪ್ರಯಾಣಿಕರು ಎರಡೂ ರಾಜ್ಯಗಳ ನೆತ್ತಿಗಿಂತ ಮೇಲಿನ ಗಾಳಿಯನ್ನು ಉಸಿರಾಡುತ್ತಿರಬಹುದು, ತಮಗೇ ತಿಳಿಯದಂತೆ.

ತಿಳಿಯುವುದು ಸಣ್ಣಸಣ್ಣ ಗುರುತುಗಳಿಂದ. ನೆಲದಲ್ಲಿ ಮೆತ್ತಗಿದ್ದ ಚಿಪ್ಸಿನ ಪೊಟ್ಟಣ ಈಗ ಉಬ್ಬಿ ಬಿಗಿದಿದೆ. 8,000 ಅಡಿಯ ಒತ್ತಡದಲ್ಲಿ ನೀರು 92 ಡಿಗ್ರಿಗೇ ಕುದಿಯುವುದರಿಂದ ಚಹಾ ಎಲೆ ಪೂರ್ತಿ ಬಿಡುವುದಿಲ್ಲ, ಮನೆಯಲ್ಲಿ ಕುದಿಸಿದ ಕಡಕ್ ಚಹಾ ಕುಡಿದವರ ನಾಲಿಗೆಗೆ ಅದು ಸಪ್ಪೆ. ಗಾಳಿ ಒಣಗಿದ್ದು, ತುಟಿ ಬಿರಿಯುತ್ತದೆ. ಹೊತ್ತು ಹೋದಂತೆ ಒಂದು ಮಂಪರು, ಸಣ್ಣ ತಲೆಭಾರ. ಗಟ್ಟಿ ಮೈಯವರಿಗೆ ಇದು ಏನೂ ಅಲ್ಲ. ಆದರೆ ಎದೆ ದುರ್ಬಲವಾದವರಿಗೆ, ದಮ್ಮಿನವರಿಗೆ, ರಕ್ತ ತೀರ ಕಡಿಮೆ ಇರುವವರಿಗೆ ಹಾಗಲ್ಲ. ಗಡಿನಾಡಿನ ಊರುಗಳಿಂದ ದೂರದ ನಗರದ ಮಕ್ಕಳ ಮನೆಗೆ ಮೊದಲ ಸಲ ವಿಮಾನ ಏರುವ ಹಿರಿಯರು ಈಗ ಹೆಚ್ಚುತ್ತಿದ್ದಾರೆ. ಟಿಕೆಟು ತೆಗೆಯುವ ಮಕ್ಕಳು ಸೀಟು ಕಿಟಕಿಯ ಪಕ್ಕದ್ದೇ ಎಂದು ವಿಚಾರಿಸುತ್ತಾರೆ. ಅಪ್ಪನಿಗೆ ದಮ್ಮಿದೆ, ಮೂರು ತಾಸು ಬೆಟ್ಟದ ಮೇಲೆ ಕೂರಿಸಬಹುದೇ ಎಂದು ಡಾಕ್ಟರರನ್ನೂ ಒಂದು ಮಾತು ಕೇಳಬೇಕು.

ಒಳಗೆ ನೆಲದ ಒತ್ತಡವನ್ನೇ ಇಟ್ಟರೆ ಏನಾಗುತ್ತಿತ್ತು? ಕಿಟಕಿಗೆ ಅಂಗೈ ಇಟ್ಟು ನೋಡಿ. ತಣ್ಣಗಿದೆ, ಅಲ್ಲಾಡುವುದಿಲ್ಲ. ಆದರೆ ವಿಮಾನದ ಮೈಯ ಒಂದೊಂದು ಚದರ ಅಡಿಯನ್ನೂ ಒಳಗಿನ ಗಾಳಿ ಈಗ ಅರ್ಧ ಟನ್ನಿನಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿದೆ. ನಡುವೆ ಇರುವ ಅಲ್ಯುಮಿನಿಯಂ ತಗಡು ಬಹಳ ಕಡೆ ಒಂದು ಮಿಲಿಮೀಟರಿನಷ್ಟೇ ದಪ್ಪ, ಹಿಂದೆ ಪಕ್ಕೆಲುಬುಗಳ ಆಸರೆ. ಬಾಗಿಲಿನ ಮೇಲೆ ಬೀಳುವ ಒಟ್ಟು ತಳ್ಳು ಏಳೆಂಟು ಟನ್ನು. ಬಾಗಿಲು ತನ್ನ ಚೌಕಟ್ಟಿಗೆ ಒಳಗಿನಿಂದಲೇ ಒತ್ತಿ ಕೂರುವಂತೆ ಮಾಡಿರುವುದರಿಂದ ಈ ಎತ್ತರದಲ್ಲಿ ಯಾರು ಎಳೆದರೂ ಅದು ಬರಲಾರದು. ಒಳಗಿನ ಒತ್ತಡ ಇನ್ನಷ್ಟು ಏರಿಸಿದರೆ ತಗಡು ದಪ್ಪವಾಗಬೇಕು, ವಿಮಾನ ತೂಕವಾಗಬೇಕು, ಎಣ್ಣೆ ಹೆಚ್ಚು ಉರಿಯಬೇಕು. ಹಾಗಾಗಿ ಮನುಷ್ಯನ ಮೈ ಎಷ್ಟು ತಾಳುತ್ತದೆ, ಲೋಹದ ಮೈ ಎಷ್ಟು ತಾಳುತ್ತದೆ ಎಂದು ಎರಡನ್ನೂ ಕೂರಿಸಿ ಮಾಡಿದ ಒಪ್ಪಂದ ಈ 8,000 ಅಡಿ. ಇಂಗಾಲದ ನಾರಿನಿಂದ ಮೈ ಕಟ್ಟಿರುವ ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಒಳಗಿನ ಮಟ್ಟ 6,000 ಅಡಿಗೆ ಇಳಿದಿದೆ. ಆ ನಾರು ಲೋಹದಂತೆ ಬಳಲುವುದಿಲ್ಲ. 787ರಲ್ಲಿ ಎಂಜಿನ್ನಿನ ಗಾಳಿಯನ್ನೂ ಕದಿಯುವುದಿಲ್ಲ. ಬೇರೆಯೇ ವಿದ್ಯುತ್ ಯಂತ್ರಗಳು ಹೊರಗಾಳಿಯನ್ನು ಹಿಂಡಿಕೊಡುತ್ತವೆ.

ಲೋಹ ಬಳಲುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಬಹಳ ದುಬಾರಿಯಾಗಿ. ಒತ್ತಡದ ಕೋಣೆಯಿದ್ದ ಮೊದಲ ಪ್ರಯಾಣಿಕ ವಿಮಾನ, ಬೋಯಿಂಗ್ 307, ಸೇವೆಗೆ ಬಂದದ್ದು 1940ರಲ್ಲಿ. ಅದು ಮೋಡದ ತಲೆಯಷ್ಟೇ ದಾಟುತ್ತಿತ್ತು. 1952ರಲ್ಲಿ ಬಂದ ಬ್ರಿಟನ್ನಿನ ಕಾಮೆಟ್ ಜೆಟ್ಟು ಅದರ ಎರಡರಷ್ಟು ಎತ್ತರಕ್ಕೆ ಏರಿ ನಮ್ಮ ಕಲ್ಕತ್ತೆ, ದೆಹಲಿಗಳ ಮೇಲೂ ಹಾರಿತು. 1954ರ ಜನವರಿ 10ರಂದು ಸಿಂಗಪುರದಿಂದ ಲಂಡನ್ನಿಗೆ ಹೊರಟಿದ್ದ ಕಾಮೆಟ್ಟೊಂದು ರೋಮಿನಿಂದ ಏರಿದ ಸ್ವಲ್ಪ ಹೊತ್ತಿಗೇ ಎಲ್ಬಾ ದ್ವೀಪದ ಹತ್ತಿರ ಚೂರುಚೂರಾಗಿ ಕಡಲಿಗೆ ಬಿತ್ತು. ಒಳಗಿದ್ದ 35 ಜನರೂ ಹೋದರು. ಏಪ್ರಿಲ್ 8ರಂದು ನೇಪಲ್ಸ್ ಹತ್ತಿರ ಇನ್ನೊಂದು, 21 ಜನ. ಫಾರ್ನ್‌ಬರೋದ ಸಂಶೋಧಕರು ಒಂದು ಕಾಮೆಟ್ಟಿನ ಮೈಯನ್ನೇ ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ರೆಕ್ಕೆಗಳನ್ನು ಹೊರಗೆ ಚಾಚಿಟ್ಟು, ಒಳಗೆ ನೀರು ತುಂಬಿ ಒತ್ತಡ ಏರಿಸುವುದು ಇಳಿಸುವುದು, ಏರಿಸುವುದು ಇಳಿಸುವುದು, ಹಗಲೂ ರಾತ್ರಿ ಮಾಡುತ್ತಾ ಹೋದರು. ನಿಜವಾದ ಹಾರಾಟಗಳೂ ತೊಟ್ಟಿಯ ಹಾರಾಟಗಳೂ ಸೇರಿ ಮೂರು ಸಾವಿರ ದಾಟಿದ ಮೇಲೊಂದು ದಿನ ಕಿಟಕಿಯಂಥ ಕಂಡಿಯೊಂದರ ಮೂಲೆಯಿಂದ ಮೈ ಸೀಳಿತು. ನಿಮ್ಮ ಪಕ್ಕದ ಕಿಟಕಿಯ ಮೂಲೆಗಳ ಮೇಲೆ ಬೆರಳಾಡಿಸಿ. ಎಷ್ಟು ದುಂಡಗಿವೆ. ಮೂಲೆ ಚೂಪಾದಷ್ಟೂ ಎಳೆತ ಅಲ್ಲಿ ಬಂದು ಸೇರುತ್ತದೆ ಎಂಬ ಪಾಠ ಆ ದುಂಡಗಿನಲ್ಲಿದೆ. ಗಾಜಿನ ನಡುವಿನ ಪದರದ ಕೆಳಗಡೆ ಗುಂಡುಸೂಜಿಯಿಂದ ಚುಚ್ಚಿದಷ್ಟು ತೂತೊಂದಿದೆಯಲ್ಲ, ಸುತ್ತಲೂ ಹಿಮದ ಹರಳು ಕಟ್ಟಿದೆಯಲ್ಲ, ಅದು ಒತ್ತಡದ ಭಾರವನ್ನು ಹೊರಗಿನ ಪದರದ ಮೇಲೆ ಇಳಿಸಿ ನಡುವಿನ ಪದರವನ್ನು ಆಪತ್ತಿಗೆಂದು ಮೀಸಲಿಡುತ್ತದೆ.

ಎಷ್ಟು ವರ್ಷ ಹಾರಿತು ಎನ್ನುವುದಕ್ಕಿಂತ ಎಷ್ಟು ಸಲ ಉಬ್ಬಿ ಇಳಿಯಿತು ಎನ್ನುವುದೇ ವಿಮಾನದ ಮೈಗೆ ನಿಜವಾದ ವಯಸ್ಸು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಸಂಸ್ಥೆಯ 737ರ ಮುಂಭಾಗದ ಚಾವಣಿ 24,000 ಅಡಿಯಲ್ಲಿ ಕಿತ್ತು ಹೋದಾಗ ಅದು ಸುಮಾರು 90,000 ಸಲ ಏರಿಳಿದಿತ್ತು, ಎಲ್ಲ ದ್ವೀಪದಿಂದ ದ್ವೀಪಕ್ಕೆ ಹಾರುವ ಚಿಕ್ಕಚಿಕ್ಕ ಪಯಣ, ಮೇಲೆ ಕಡಲಿನ ಉಪ್ಪುಗಾಳಿ. ಗಗನಸಖಿಯೊಬ್ಬರು ಹಾರಿಹೋದರು. ಉಳಿದವರನ್ನೆಲ್ಲ ಪೈಲಟ್ಟರು ಇಳಿಸಿದರು.

ಲೋಹ ಮುರಿಯದೆಯೂ ಆಪತ್ತು ಬರುತ್ತದೆ, ಅದು ಇನ್ನೂ ಮೌನದ್ದು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಬಳಿ, ವಿಮಾನಪುರದಲ್ಲಿ, ವಾಯುಪಡೆಯ ವೈಮಾನಿಕ ಮತ್ತು ಅಂತರಿಕ್ಷ ವೈದ್ಯಕೀಯ ಸಂಸ್ಥೆಯಿದೆ. 1957ರಲ್ಲಿ ಶುರುವಾದದ್ದು. ಗಗನಯಾನಕ್ಕೆ ಹೋಗಬೇಕಾದವರ ಮೈಯನ್ನು ಪರೀಕ್ಷಿಸಿದ್ದೂ ಅಲ್ಲಿಯೇ. ಅಲ್ಲಿ ಗಾಳಿ ಹೀರಿ ತೆಗೆಯುವ ಉಕ್ಕಿನ ಕೋಣೆಯಿದೆ. ನೆಲ ಬಿಟ್ಟು ಅಲ್ಲಾಡದೆಯೇ ಅದರೊಳಗೆ ಕುಳಿತವರು ಇಪ್ಪತ್ತು ಮೂವತ್ತು ಸಾವಿರ ಅಡಿಯ ಗಾಳಿಗೆ ಏರುತ್ತಾರೆ. ಇಂಥ ಕೋಣೆಗಳಲ್ಲಿ ಮುಖವಾಡ ತೆಗೆಸಿ, ಹಾಳೆ ಪೆನ್ನು ಕೊಟ್ಟು ಸಣ್ಣ ಲೆಕ್ಕ ಮಾಡಿಸುವ ರೂಢಿ. ಮೊದಲ ಸಾಲು ನೆಟ್ಟಗೆ, ಎರಡನೆಯದು ಇಳಿಜಾರು, ಆಮೇಲೆ ಗೀಚು. ಉಗುರು ನೀಲಿಗಟ್ಟುತ್ತಿರುತ್ತದೆ. ಬರೆಯುವವನಿಗೆ ಮಾತ್ರ ತಾನು ಬಹಳ ಚೆನ್ನಾಗಿದ್ದೇನೆ ಎನ್ನಿಸುತ್ತದೆ, ನಗುವೂ ಬರುತ್ತದೆ. ಪ್ರಾಣವಾಯು ಕಡಿಮೆಯಾದಾಗ ಉಬ್ಬಸ ಬಂದು ಎಚ್ಚರಿಸುವುದಿಲ್ಲ, ಮೊದಲು ಹೋಗುವುದು ವಿವೇಕ. 35,000 ಅಡಿಯಲ್ಲಿ ಗಾಳಿ ಹೋದರೆ ಬುದ್ಧಿ ಸ್ವಾಧೀನದಲ್ಲಿರುವುದು ಅರ್ಧದಿಂದ ಒಂದು ನಿಮಿಷ. ಮುಖವಾಡ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಕ್ಕಳಿಗೆ ಎಂದು ಪ್ರತಿ ಸಲ ಹೇಳುವುದಕ್ಕೆ ಕಾರಣ ಇದು. ತಾಯಿಯ ಮನಸ್ಸು ಒಪ್ಪಲಾರದ ಮಾತು, ಆದರೆ ತಾಯಿ ಎಚ್ಚರ ತಪ್ಪಿದರೆ ಮಗುವಿಗೆ ಹಾಕುವವರಿಲ್ಲ. ಕೋಣೆಯ ಮಟ್ಟ 14,000 ಅಡಿಗೆ ಏರಿದರೆ ಹಳದಿ ಬಟ್ಟಲುಗಳು ತಾವಾಗಿ ಜೋತುಬೀಳುತ್ತವೆ. ಎಳೆದರೆ ರಾಸಾಯನಿಕದಿಂದ ಹತ್ತು ಹನ್ನೆರಡು ನಿಮಿಷಕ್ಕಾಗುವಷ್ಟು ಪ್ರಾಣವಾಯು ಬರುತ್ತದೆ. ಅಷ್ಟರೊಳಗೆ ಪೈಲಟ್ಟು ವಿಮಾನವನ್ನು ಮುಖವಾಡ ಬೇಡದ 10,000 ಅಡಿಗೆ ಇಳಿಸಿರುತ್ತಾನೆ.

2005ರ ಆಗಸ್ಟ್ 14ರಂದು ಸೈಪ್ರಸ್ಸಿನ ಹೀಲಿಯೋಸ್ ಸಂಸ್ಥೆಯ 737ರಲ್ಲಿ ಒತ್ತಡದ ಗುಂಡಿ ತಾನಾಗಿ ನಡೆಯುವ ಸ್ಥಾನದಲ್ಲಿರದೆ ಕೈಯಿಂದ ನಡೆಸುವ ಸ್ಥಾನದಲ್ಲಿ ಉಳಿದಿತ್ತು. ಎಚ್ಚರಿಕೆಯ ಕೊಂಬು ಕೂಗಿತು. ಪೈಲಟ್ಟರು ಅದನ್ನು ಬೇರೇನೋ ಎಂದುಕೊಂಡರು, ಎಂದುಕೊಳ್ಳುತ್ತಲೇ ಮಂಕಾದರು. ವಿಮಾನ ತಾನೇ ತಾನಾಗಿ ಅಥೆನ್ಸಿನ ಹತ್ತಿರ ಸುತ್ತಿ ಎಣ್ಣೆ ಮುಗಿದು ಬಿತ್ತು, 121 ಜನ. ನಮ್ಮಲ್ಲಿ 2018ರ ಸೆಪ್ಟೆಂಬರ್ 20ರ ಬೆಳಗ್ಗೆ ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್‌ನ 737ರಲ್ಲಿ ಎಂಜಿನ್ನಿನ ಗಾಳಿ ಬಿಡುವ ಸ್ವಿಚ್ಚು ಹಾಕುವುದು ಬಿಟ್ಟುಹೋಯಿತು. 166 ಪ್ರಯಾಣಿಕರಲ್ಲಿ ಸುಮಾರು ಮೂವತ್ತು ಮಂದಿಯ ಮೂಗು ಕಿವಿಗಳಿಂದ ರಕ್ತ ಬಂತು, ಮುಖವಾಡಗಳು ಜೋತುಬಿದ್ದವು, ವಿಮಾನ ಮುಂಬೈಗೇ ಮರಳಿತು. ಎಲ್ಲರೂ ಬದುಕಿ ಬಂದರು. ಒಂದು ಸ್ವಿಚ್ಚು. ಹಾರುವ ಮುನ್ನ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮುಟ್ಟಿ ಉತ್ತರ ಕೊಡುವ ಆ ತಪಾಸಣೆಯ ಪಟ್ಟಿಯನ್ನು ಬರಿಯ ರೂಢಿ ಎಂದು ಎಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಚೆನ್ನೈ ಹತ್ತಿರವಾಯಿತು. ಕುಡಿದಿಟ್ಟ ನೀರಿನ ಬಾಟಲಿ ಚಟಪಟ ಎನ್ನುತ್ತಾ ಒಳಕ್ಕೆ ಕುಗ್ಗುತ್ತಿದೆ, ಮತ್ತೆ ಕಿವಿ, ಹಿಂದಿನ ಸಾಲಿನಲ್ಲಿ ಮಗು. ಎಲ್ಲ ಕಡೆಯೂ ಒಳಗಿನ ಗಾಳಿ ಹೀಗೆ ಇಳಿಯುವುದಿಲ್ಲ. ಲೇಹ್ ನಿಲ್ದಾಣ 10,600 ಅಡಿಗೂ ಮೇಲಿದೆ. ಅಲ್ಲಿಗೆ ಹೋಗುವಾಗ ವಿಮಾನ ಇಳಿಯುತ್ತಿದ್ದರೆ ಕೋಣೆಯ ಗಾಳಿ ತೆಳುವಾಗುತ್ತಾ ಏರಬೇಕಾಗುತ್ತದೆ. ಚೆನ್ನೈ ಕಡಲಮಟ್ಟದ ಊರು. ಗಾಲಿ ನೆಲ ಮುಟ್ಟಿತು, ಬಾಲದ ಕವಾಟ ಪೂರ್ತಿ ತೆರೆದುಕೊಂಡು ಉಳಿದಿದ್ದ ಕೊಂಚ ಒತ್ತಡವೂ ಹೊರಹೋಯಿತು, ಬಾಗಿಲು ಸಲೀಸಾಗಿ ತೆರೆಯಿತು. ಕಡಲಿನ ಜಿಗುಟು ಸೆಖೆ ಮೆಟ್ಟಿಲವರೆಗೆ ಬಂದಿದೆ.

ನೀವು ಇಳಿದ ಮೇಲೂ ಕೆಲಸ ನಡೆಯುತ್ತದೆ. ವಿಮಾನದ ದಾಖಲೆಗೆ ಇನ್ನೊಂದು ಏರಿಳಿತ ಸೇರುತ್ತದೆ. ಸಮವಸ್ತ್ರದ ಮೆಕ್ಯಾನಿಕ್ಕು ಕೆಳಗಿನಿಂದ ಸುತ್ತು ಬರುತ್ತಾ ಬಾಗಿಲುಗಳ ಅಂಚು, ಹೊಟ್ಟೆಯ ಕಂಡಿಗಳು, ಬಾಲದ ಕವಾಟ ಎಲ್ಲದರ ಮೇಲೂ ಟಾರ್ಚು ಬಿಟ್ಟು ನೋಡುತ್ತಾನೆ. ಕಸ ಗುಡಿಸುವವರು ಕುಗ್ಗಿದ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಾರೆ. ಮುಂದಿನ ಪಯಣ ಬೆಂಗಳೂರಿಗೆ. ಪೈಲಟ್ಟು ತಲೆಯ ಮೇಲಿನ ಫಲಕಕ್ಕೆ ಕೈ ಚಾಚಿ ಇಳಿಯುವ ನೆಲದ ಎತ್ತರದ ಗುಂಡಿಯನ್ನು ತಿರುಗಿಸುತ್ತಾಳೆ, ಅಂಕಿ 3,000ಕ್ಕೆ ಬಂದು ನಿಂತ ಮೇಲೆ ಪಕ್ಕದವರು ಅದನ್ನು ಓದಿ ಹೌದೆನ್ನುತ್ತಾರೆ.